ಇಂಗ್ಲಿಷ್ ಇದ್ದೂ ಜರ್ಮನ್ ಕಲಿಯುವುದು: ಜರ್ಮನಿಗೆ ಬಂದಿಳಿದವರಿಗೆ ಒಂದು ಮಾರ್ಗದರ್ಶಿ

ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಬರೀ ಇಂಗ್ಲಿಷ್ ಇಟ್ಟುಕೊಂಡು ಹತ್ತು ವರ್ಷ ಬದುಕಿಬಿಡಬಹುದು. ಹಾಗೆ ಬದುಕುತ್ತಿರುವವರಲ್ಲಿ ಇಂಗ್ಲಿಷನ್ನೇ ತಾಯ್ನುಡಿಯಾಗಿ ಪಡೆದ ಅಮೆರಿಕನ್ನರು, ಬ್ರಿಟಿಷರು, ಆಸ್ಟ್ರೇಲಿಯನ್ನರು ಇದ್ದಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಆಡುವ ನಾವು ಕನ್ನಡಿಗರೂ ಇದ್ದೇವೆ. ಕೊರತೆ ಕಾಣಿಸುವುದು ಸಂಬಳದ ಚೀಟಿಯಲ್ಲಲ್ಲ. ಮಗುವಿನ ಶಾಲೆಯ ಪೋಷಕರ ಸಭೆಯಲ್ಲಿ, ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡುವಾಗ, ತೆರಿಗೆ ಕಚೇರಿಯಿಂದ ಬಂದ ಲಕೋಟೆ ಒಡೆದಾಗ ಅದು ಕಾಣಿಸುತ್ತದೆ. ಜರ್ಮನಿಯ ಆಡಳಿತ ಕಾನೂನಿನ ಪ್ರಕಾರ ಕಚೇರಿ ಭಾಷೆ ಜರ್ಮನ್. ಕೌಂಟರಿನಲ್ಲಿ ಕೂತವರು ಇಂಗ್ಲಿಷ್‌ನಲ್ಲಿ ಮಾತಾಡಿದರೆ ಅದು ಅವರ ಸೌಜನ್ಯ, ನಮ್ಮ ಹಕ್ಕಲ್ಲ.

ಇಂಗ್ಲಿಷ್ ತಾಯ್ನುಡಿಯವರು ಹಿಂದೆ ಬೀಳುವುದು ಬುದ್ಧಿ ಸಾಲದೆ ಅಲ್ಲ. ಅವರನ್ನು ಯಾರೂ ಒತ್ತಾಯಿಸುವುದಿಲ್ಲ, ಅಷ್ಟೇ. ಗಂಡ ಅಥವಾ ಹೆಂಡತಿಯ ಜೊತೆ ಬಂದು ನೆಲೆಸುವವರು ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ತೋರಿಸಬೇಕು (ಭಾಷೆಯ ಮಟ್ಟಗಳು ಎ1ರಿಂದ ಶುರುವಾಗಿ ಎ2, ಬಿ1 ಎಂದು ಮೇಲೇರುತ್ತವೆ). ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಾಸ್‌ಪೋರ್ಟ್ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ಬ್ಲೂ ಕಾರ್ಡ್, ಅಂದರೆ ಉನ್ನತ ಶಿಕ್ಷಣ ಪಡೆದ ಉದ್ಯೋಗಿಗಳ ವಾಸ ಪರವಾನಗಿ, ಇರುವ ನಮ್ಮವರ ಸಂಗಾತಿಗಳಿಗೂ ಇದೆ. ಜರ್ಮನಿಗೆ ಬಂದ ಮೇಲೆ ಇವರಲ್ಲಿ ಯಾರೇ ಒಂದು ಜರ್ಮನ್ ಮಾತು ತೊದಲಿದ ಕೂಡಲೇ ಎದುರಿನವರು ಇಂಗ್ಲಿಷ್‌ಗೆ ಹೊರಳುತ್ತಾರೆ. ಹೀಗಾಗಿ ಶುರು ಮಾಡುವ ದಿನವೇ ಬರುವುದಿಲ್ಲ.

ಮೊದಲು ಲೆಕ್ಕ

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ ಇಂಗ್ಲಿಷ್ ತಾಯ್ನುಡಿಯವರಿಗೆ ಜರ್ಮನ್‌ಗೆಂದು ಸುಮಾರು 36 ವಾರ ಇಡುತ್ತದೆ. ಅದು ಬೇರೆ ಕೆಲಸವಿಲ್ಲದೆ ಪೂರ್ತಿ ದಿನ ಕಲಿಯುವ ವಾರಗಳು. ಜಪಾನೀಸ್, ಅರೇಬಿಕ್‌ಗೆ ಇಡುವುದು 88 ವಾರ. ಹಾಗೆ ನೋಡಿದರೆ ಜರ್ಮನ್ ಸುಲಭದ ಕಡೆಯದು.

ಹೊರಗಿನಿಂದ ಬಂದವರಿಗಾಗಿ ಜರ್ಮನ್ ಸರ್ಕಾರ ನಡೆಸುವ ಇಂಟಿಗ್ರೇಶನ್ ಕೋರ್ಸ್‌ನಲ್ಲಿ ಬಿ1 ಮಟ್ಟದ ತನಕ 600 ಭಾಷಾ ಪಾಠಗಳು, ಅದರ ಮೇಲೆ ದೇಶದ ಕಾನೂನು, ಇತಿಹಾಸದ 100 ಪಾಠಗಳು. ಒಂದು ಪಾಠವೆಂದರೆ 45 ನಿಮಿಷ, ಅಂದರೆ ಭಾಷೆಗೇ 450 ಗಂಟೆ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆಯಂತೆ ಕ್ಲಾಸಿಗೆ ಹೋದರೆ ವಾರಕ್ಕೆ ನಾಲ್ಕೇ ಪಾಠ. 600 ಮುಗಿಯಲು 150 ವಾರ, ಹತ್ತಿರಹತ್ತಿರ ಮೂರು ವರ್ಷ. ಎರಡು ಸಂಜೆಯ ಕ್ಲಾಸನ್ನೇ ನಂಬಿದವರು ಎ2 ದಾಟದೆ ಬಿಟ್ಟುಬಿಡುವುದು ಇದೇ ಕಾರಣಕ್ಕೆ: ಮುಂದೆ ಹೋಗುತ್ತಿರುವುದೇ ಅವರಿಗೆ ಕಾಣಿಸುವುದಿಲ್ಲ. ಅದೇ ಎರಡು ಸಂಜೆಯ ಜೊತೆಗೆ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಸೇರಿಸಿ. ವಾರಕ್ಕೆ ಎಂಟು ಗಂಟೆಯ ಮೇಲಾಗುತ್ತದೆ, ಹನ್ನೆರಡು ಹದಿಮೂರು ತಿಂಗಳಲ್ಲಿ 450 ಗಂಟೆ ತುಂಬುತ್ತದೆ.

ಹೆಜ್ಜೆ 1: ವಿಮಾನ ಹತ್ತುವ ಮೊದಲೇ ಧ್ವನಿ, ಅಂಕಿ, ಹೆಸರಿನ ಅಕ್ಷರ

ಹೊರಡುವುದಕ್ಕೆ ಆರು ವಾರ ಇರುವಾಗ ವ್ಯಾಕರಣ ಹಿಡಿಯಬೇಡಿ. ಕಿವಿ ಮತ್ತು ಬಾಯಿಯಿಂದ ಶುರು ಮಾಡಿ.

ಕನ್ನಡದ ಬಾಯಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಜರ್ಮನ್‌ನಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಒಫೆನ್’ ಅಂದರೆ ತೆರೆದದ್ದು, ‘ಓಫೆನ್’ ಅಂದರೆ ಒಲೆ. ‘ಬೆಟ್’ ಹಾಸಿಗೆ, ‘ಬೇಟ್’ ತೋಟದ ಪಾತಿ. ಇಂಗ್ಲಿಷ್ ತಾಯ್ನುಡಿಯವರು ಏ, ಓ ಎನ್ನುವಾಗ ಕೊನೆಗೆ ‘ಯ್’, ‘ವ್’ ಎಳೆದುಬಿಡುತ್ತಾರೆ, ಅದನ್ನು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಹೆಣಗುತ್ತಾರೆ. ನಮ್ಮ ಏ, ಓ ಇದ್ದಂತೆಯೇ ಸರಿ. ನಮ್ಮ ತೊಂದರೆ ಪದದ ಮೊದಲಲ್ಲಿ: ‘ಎಸೆನ್’ (ಊಟ) ಎಂಬುದನ್ನು ‘ಯೆಸೆನ್’ ಎಂದೂ ‘ಒಫೆನ್’ ಎಂಬುದನ್ನು ‘ವೊಫೆನ್’ ಎಂದೂ ಶುರು ಮಾಡುತ್ತೇವೆ. ಜರ್ಮನ್‌ನಲ್ಲಿ ಸ್ವರದಿಂದ ಶುರುವಾಗುವ ಪದದ ಮುಂದೆ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ. ಉಸಿರು ಹಿಡಿದು ಬಿಟ್ಟಂತೆ ಹೇಳಿ, ‘ಯ’, ‘ವ’ ನುಸುಳುವುದಿಲ್ಲ. ಟ, ಡ ಗಳನ್ನೂ ನಾಲಿಗೆ ಹಿಂದಕ್ಕೆ ಮಡಚದೆ, ಹಲ್ಲಿನ ಬುಡದ ಹತ್ತಿರ ತಾಗಿಸಿ ಹೇಳಬೇಕು.

ಕನ್ನಡದಲ್ಲಿಲ್ಲದ ಎರಡು ಸ್ವರಗಳಿಗೆ ಉಪಾಯ ಸುಲಭ. ‘ಈ’ ಎನ್ನುತ್ತಾ ನಾಲಿಗೆ ಅಲುಗಿಸದೆ ತುಟಿಯನ್ನು ಮಾತ್ರ ‘ಊ’ ಎನ್ನುವಂತೆ ದುಂಡಗೆ ಮಾಡಿ. ‘ಏ’ ಎನ್ನುತ್ತಾ ತುಟಿಯನ್ನು ‘ಓ’ಗೆ ತನ್ನಿ. ಕನ್ನಡಿ ಮುಂದೆ ದಿನಕ್ಕೆ ಐದು ನಿಮಿಷ, ಹತ್ತು ದಿನ ಮಾಡಿದರೆ ಹಿಡಿತ ಸಿಗುತ್ತದೆ.

ಅಂಕಿಗಳಲ್ಲಿ 54 ಎನ್ನುವುದನ್ನು ‘ನಾಲ್ಕು ಮತ್ತು ಐವತ್ತು’ ಎಂದು ಹೇಳುತ್ತಾರೆ. ಬೆಲೆ, ಮನೆ ನಂಬರು, ಫೋನ್ ನಂಬರು ಎಲ್ಲ ಹೀಗೆ ಬರುವುದರಿಂದ 45 ಮತ್ತು 54 ಅದಲುಬದಲಾಗುವುದು ಎಲ್ಲರಿಗೂ ಆಗುತ್ತದೆ. ಫೋನಿನಲ್ಲಿ ಯಾರಾದರೂ ಓದಿದ ಎರಡಂಕಿಯ 20 ಸಂಖ್ಯೆಗಳನ್ನು ದಿನಾ ಬರೆದುಕೊಳ್ಳಿ. ಪೂರ್ತಿ ಕೇಳಿಸಿಕೊಂಡ ಮೇಲೆ ಬರೆಯಬೇಕು, ಕೇಳುತ್ತಾ ಕೇಳುತ್ತಾ ಅಲ್ಲ. ಗಡಿಯಾರದಲ್ಲಿ ‘ಹಾಲ್ಬ್ ಡ್ರೈ’ ಅಂದರೆ ಎರಡೂವರೆ, ಮೂರರ ಕಡೆಗೆ ಅರ್ಧ ಬಂದಿದೆ ಎಂದು. ಬ್ರಿಟಿಷರ ಆಡುಮಾತಿನಲ್ಲಿ ಇದಕ್ಕೆ ಹೊಂದುವ ಮಾತಿಗೆ ಮೂರೂವರೆ ಎಂದರ್ಥ, ಹಾಗಾಗಿ ಅವರು ಒಂದು ಗಂಟೆ ತಡವಾಗಿ ಬರುತ್ತಾರೆ.

ಇನ್ನು ಹೆಸರು. ಫೋನಿನಲ್ಲಿ ಎಲ್ಲರೂ ನಿಮ್ಮ ಹೆಸರಿನ ಅಕ್ಷರ ಕೇಳುತ್ತಾರೆ. ಇಂಗ್ಲಿಷ್‌ನ ‘ಈ’ ಅಕ್ಷರಕ್ಕೆ ಜರ್ಮನ್‌ನಲ್ಲಿ ‘ಏ’ ಎನ್ನುತ್ತಾರೆ. ಇಂಗ್ಲಿಷ್‌ನ ‘ಐ’ ಅವರಿಗೆ ‘ಈ’, ಇಂಗ್ಲಿಷ್‌ನ ‘ಏ’ ಅವರಿಗೆ ‘ಆ’. ಹೆಗ್ಡೆ ಎಂಬವರು ಇಂಗ್ಲಿಷ್ ಅಭ್ಯಾಸದಲ್ಲಿ ‘ಈ’ ಎಂದರೆ ಆ ಕಡೆಯವರು ‘ಹಿಗ್ಡಿ’ ಎಂದು ಬರೆದುಕೊಳ್ಳುತ್ತಾರೆ. ವಿಮೆ ಕಾರ್ಡಿನ ಹೆಸರು ತಾಳೆಯಾಗುವುದಿಲ್ಲ, ಮತ್ತೆ ಒಂದು ವಾರ ಕಾಗದ ಪತ್ರ. ‘ಹಾ, ಏ, ಗೇ, ಡೇ, ಏ’ ಎಂದು ನಿಮ್ಮ ಹೆಸರನ್ನು ನಿದ್ದೆಗಣ್ಣಿನಲ್ಲೂ ಹೇಳುವಂತೆ ಬಾಯಿಪಾಠ ಮಾಡಿ.

ಹೆಜ್ಜೆ 2: ಮೊದಲ ತಿಂಗಳು ನಾಲ್ಕೇ ಕೌಂಟರು

ಹೊಸ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಪಾಸ್‌ಪೋರ್ಟು, ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ, ತುಂಬಿದ ಫಾರಂ ಒಯ್ಯಿ. ಭಾಷೆ ಬರದಿದ್ದರೆ ಬರುವವರನ್ನು ಜೊತೆಗೆ ಕರೆದೊಯ್ಯಿ. ಅಲ್ಲಿ ಕಲಿಕೆಯ ಪ್ರಯೋಗ ಬೇಡ, ತಪ್ಪಾದರೆ ಬ್ಯಾಂಕು, ತೆರಿಗೆ ಸಂಖ್ಯೆ ಎಲ್ಲ ತಡವಾಗುತ್ತದೆ.

ಪ್ರಯೋಗಕ್ಕೆ ಬೇಕರಿ, ಸೂಪರ್‌ಮಾರ್ಕೆಟ್ಟು, ಔಷಧಿ ಅಂಗಡಿ, ಅಂಚೆ ಇವೆ. ಈ ನಾಲ್ಕು ಕಡೆ ಆಡುವ ಮಾತುಗಳು ದಿನವೂ ಒಂದೇ, ಅದೇ ಕ್ರಮದಲ್ಲಿ. ಬೇಕರಿಯನ್ನೇ ನೋಡಿ. ನೀವು ‘ತ್ಸ್ವೈ ಬ್ರ್ಯೋಟ್‌ಶೆನ್, ಬಿಟೆ’, ಎರಡು ಬನ್ನು ಕೊಡಿ, ಎನ್ನುತ್ತೀರಿ. ಅವರು ‘ಝೊನ್ಸ್ಟ್ ನೊಖ್ ಎಟ್ವಾಸ್?’, ಇನ್ನೇನಾದರೂ ಬೇಕಾ, ಎನ್ನುತ್ತಾರೆ. ಬ್ರೆಡ್ಡು ಕೇಳಿದ್ದರೆ ಕತ್ತರಿಸಿ ಕೊಡಲೇ, ಇಡಿಯಾಗಿ ಬೇಕೇ ಎಂದು ಕೇಳುತ್ತಾರೆ. ಆಮೇಲೆ ಬೆಲೆ, ಆಮೇಲೆ ‘ಶ್ಯೋನೆನ್ ಟಾಗ್ ನೊಖ್’, ಒಳ್ಳೆಯ ದಿನವಾಗಲಿ. ಒಟ್ಟು ಐದೇ ತಿರುವು. ಜನ ಎಡವುವುದು ತಮ್ಮ ಮಾತಿನಲ್ಲಲ್ಲ, ಎರಡನೆಯ ತಿರುವಿನಲ್ಲಿ, ಅಂದರೆ ಎದುರಿನವರ ಪ್ರಶ್ನೆಯಲ್ಲಿ. ಅವರು ಏನು ಕೇಳಬಹುದು ಎಂಬುದನ್ನು ಮೊದಲೇ ಬರೆದುಕೊಂಡು ಕಿವಿಗೆ ರೂಢಿ ಮಾಡಿಕೊಂಡರೆ ಮುಖದಲ್ಲಿ ಗಲಿಬಿಲಿ ಕಾಣಿಸುವುದಿಲ್ಲ. ಗಲಿಬಿಲಿ ಕಾಣಿಸದಿದ್ದರೆ ಅವರು ಇಂಗ್ಲಿಷ್‌ಗೆ ಹೊರಳುವುದೂ ಕಡಿಮೆ. ಬೆಳಿಗ್ಗೆ ಏಳೂವರೆಗೆ ಸಾಲು ಉದ್ದವಿರುವಾಗ ಅಭ್ಯಾಸಕ್ಕೆ ಹೋಗಬೇಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ.

ಹೊರಳಿದರೆ ಏನು ಮಾಡಬೇಕು? ‘ಕ್ಯೊನೆನ್ ವೀರ್ ಬಿಟೆ ಡಾಯ್ಚ್ ಶ್ಪ್ರೆಶೆನ್? ಇಶ್ ಲೆರ್ನೆ ಗೆರಾಡೆ.’ ದಯವಿಟ್ಟು ಜರ್ಮನ್‌ನಲ್ಲಿ ಮಾತಾಡೋಣವೇ, ಕಲಿಯುತ್ತಿದ್ದೇನೆ. ಇಷ್ಟನ್ನು ನಗುಮುಖದಿಂದ ಒಂದು ಸಲ ಹೇಳಿ. ಆಮೇಲೂ ಅವರು ಇಂಗ್ಲಿಷ್‌ನಲ್ಲೇ ಮುಂದುವರಿದರೆ ನೀವು ಜರ್ಮನ್‌ನಲ್ಲೇ ಉತ್ತರ ಕೊಡುತ್ತಾ ಹೋಗಿ. ಅರ್ಥವಾಗದಿದ್ದಾಗ ಇಂಗ್ಲಿಷ್‌ನಲ್ಲಿ ಕ್ಷಮೆ ಕೇಳುವುದೇ ಹೊರಳುವುದಕ್ಕೆ ಸಿಗ್ನಲ್. ಅದರ ಬದಲು ‘ನೊಖ್ ಐನ್‌ಮಾಲ್, ಬಿಟೆ’ ಎಂದು ಜರ್ಮನ್‌ನಲ್ಲೇ ಇನ್ನೊಮ್ಮೆ ಹೇಳಿ ಎನ್ನಿ.

ಹೆಜ್ಜೆ 3: ಕ್ಲಾಸು ಆರಿಸುವುದು

ಜರ್ಮನಿಯ ಊರೂರಲ್ಲೂ ‘ಫೊಲ್ಕ್ಸ್‌ಹೋಖ್‌ಶೂಲೆ’ ಎಂಬ ವಯಸ್ಕರ ಶಿಕ್ಷಣ ಕೇಂದ್ರವಿದೆ, ಖಾಸಗಿ ಶಾಲೆಗಳಿಗಿಂತ ಶುಲ್ಕ ಕಡಿಮೆ. ಬೆಂಗಳೂರಿನಲ್ಲಿರುವವರು ಹೊರಡುವ ಮೊದಲೇ ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯ್ಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಮುಗಿಸಿಕೊಂಡರೆ ಅಲ್ಲಿ ಹಲವು ತಿಂಗಳು ಉಳಿಯುತ್ತದೆ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ತರಗತಿಯ ವಿವರಣೆ ಯಾವ ಭಾಷೆಯಲ್ಲಿ? ಇಂಗ್ಲಿಷ್‌ನಲ್ಲಿ ಎಂದರೆ ಬೇಡ. ಸಿರಿಯಾ, ಟರ್ಕಿ, ಉಕ್ರೇನಿನವರು ಕೂತಿರುವ ಕ್ಲಾಸಿನಲ್ಲಿ ಎಲ್ಲರಿಗೂ ಇರುವ ಒಂದೇ ಸಾಮಾನ್ಯ ಭಾಷೆ ಜರ್ಮನ್. ವಿರಾಮದಲ್ಲಿ ಚಹಾ ಕುಡಿಯುವಾಗಲೂ ಅದನ್ನೇ ಆಡಬೇಕು. ಇಂಗ್ಲಿಷ್ ಬಲ್ಲವರೇ ತುಂಬಿದ ಕಂಪನಿ ಕ್ಲಾಸಿನಲ್ಲಿ ಅದು ಆಗುವುದಿಲ್ಲ.

ಹೆಜ್ಜೆ 4: ವ್ಯಾಕರಣಕ್ಕೆ ಇಂಗ್ಲಿಷ್ ಬಿಟ್ಟು ಕನ್ನಡ ಹಿಡಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮವರು ಜರ್ಮನ್ ವಾಕ್ಯವನ್ನು ಮೊದಲು ಇಂಗ್ಲಿಷ್‌ನಲ್ಲಿ ಕಟ್ಟಿ ಆಮೇಲೆ ತಿರುಗಿಸುತ್ತಾರೆ. ಇಂಗ್ಲಿಷ್ ತಾಯ್ನುಡಿಯವರಿಗೆ ಬೇರೆ ದಾರಿಯಿಲ್ಲ, ನಮಗಿದೆ.

ವಿಭಕ್ತಿ ಎಂದರೆ ಇಂಗ್ಲಿಷ್ ತಾಯ್ನುಡಿಯವರು ಗಾಬರಿಯಾಗುತ್ತಾರೆ, ಏಕೆಂದರೆ ಅವರ ನಾಮಪದಗಳಲ್ಲಿ ಅದು ಬಹುಪಾಲು ಸವೆದುಹೋಗಿದೆ. ಕನ್ನಡದಲ್ಲಿ ಅದು ಮಗುವಿನ ಬಾಯಲ್ಲೂ ಇದೆ. ‘ನಾನು ಆ ಮನುಷ್ಯನಿಗೆ ಕೀಲಿಕೈಯನ್ನು ಕೊಡುತ್ತೇನೆ’ ಎಂಬುದು ‘ಇಶ್ ಗೇಬೆ ಡೇಮ್ ಮಾನ್ ಡೇನ್ ಶ್ಲ್ಯುಸೆಲ್’. ‘ಡೇಮ್’ ನಮ್ಮ ‘-ಇಗೆ’, ‘ಡೇನ್’ ನಮ್ಮ ‘-ಅನ್ನು’. ನಾವು ಪದದ ಕೊನೆಗೆ ಅಂಟಿಸುವುದನ್ನು ಅವರು ಪದದ ಮುಂದಿನ ಆರ್ಟಿಕಲ್‌ನಲ್ಲಿ ಬದಲಿಸುತ್ತಾರೆ.

ಇನ್ನೂ ಬೆಲೆಬಾಳುವುದು ಎಲ್ಲಿ, ಎಲ್ಲಿಗೆ ಎಂಬ ಭೇದ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ಜರ್ಮನ್‌ನಲ್ಲಿ ‘ವೋ’ ಅಂದರೆ ಎಲ್ಲಿ, ‘ವೋಹಿನ್’ ಅಂದರೆ ಎಲ್ಲಿಗೆ. ‘ಅಡುಗೆಮನೆಯಲ್ಲಿ’ ಎಂಬುದು ‘ಇನ್ ಡೆರ್ ಕ್ಯುಶೆ’, ‘ಅಡುಗೆಮನೆಗೆ’ ಎಂಬುದು ‘ಇನ್ ಡೀ ಕ್ಯುಶೆ’. ಪಠ್ಯಪುಸ್ತಕಗಳು ಇದಕ್ಕೆ ಪುಟಗಟ್ಟಲೆ ಕೋಷ್ಟಕ ಕೊಡುತ್ತವೆ. ಕನ್ನಡದಲ್ಲಿ ಕೇಳಿಕೊಳ್ಳಿ: ‘-ಅಲ್ಲಿ’ ಬರುತ್ತದೆಯೋ ‘-ಗೆ’ ಬರುತ್ತದೆಯೋ? ಉತ್ತರ ತಕ್ಷಣ ಸಿಗುತ್ತದೆ.

‘ನನಗೆ ಚಳಿ’ ಎಂಬುದು ‘ಮೀರ್ ಇಸ್ಟ್ ಕಾಲ್ಟ್’. ‘ನನಗೆ ಹಿಡಿಸುತ್ತದೆ’, ‘ನನಗೆ ರುಚಿಸುತ್ತದೆ’, ‘ನನಗೆ ಸಹಾಯ ಮಾಡಿ’ ಎಲ್ಲದರಲ್ಲೂ ‘ಮೀರ್’, ಅಂದರೆ ‘ನನಗೆ’. ಇಂಗ್ಲಿಷ್ ದಾರಿಯಲ್ಲಿ ಬಂದವರು ‘ಇಶ್ ಬಿನ್ ಕಾಲ್ಟ್’ ಎನ್ನುತ್ತಾರೆ. ಅದು ಮನಸ್ಸು ತಣ್ಣಗಿರುವ, ಭಾವನೆಯಿಲ್ಲದ ಮನುಷ್ಯ ಎಂದಾಗುತ್ತದೆ.

ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ: ‘ವೈಲ್ ಇಶ್ ಹೊಯ್ಟೆ ಕೈನೆ ತ್ಸೈಟ್ ಹಾಬೆ’, ಇವತ್ತು ಸಮಯ ಇಲ್ಲದಿರುವುದರಿಂದ. ‘ಹಾಬೆ’ಗಾಗಿ ಕೊನೆಯ ತನಕ ಕಾಯುವುದು ಅಮೆರಿಕನ್ನರಿಗೆ ಕಷ್ಟ. ಕನ್ನಡದವರು ಹುಟ್ಟಿದಾಗಿನಿಂದ ಕಾಯುತ್ತಿದ್ದಾರೆ. ಆದರೆ ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನದಲ್ಲೇ ಕೂರಬೇಕು. ‘ಮೊರ್ಗೆನ್ ಗೇಹೆ ಇಶ್’, ನಾಳೆ ಹೋಗುತ್ತೇನೆ ನಾನು. ‘ಮೊರ್ಗೆನ್ ಇಶ್ ಗೇಹೆ’ ಎಂಬುದು ಇಂಗ್ಲಿಷ್‌ನವರೂ ನಾವೂ ಒಟ್ಟಿಗೆ ಮಾಡುವ ತಪ್ಪು.

ಕನ್ನಡ ಕೈಕೊಡುವ ಜಾಗಗಳೂ ಇವೆ. ‘ನಿನಗೆ ಫೋನ್ ಮಾಡುತ್ತೇನೆ’ ಎಂದು ನಾವು ಚತುರ್ಥಿ ಹಾಕುತ್ತೇವೆ, ಜರ್ಮನ್‌ನಲ್ಲಿ ‘ಇಶ್ ರೂಫೆ ಡಿಶ್ ಆನ್’, ‘ನಿನ್ನನ್ನು’ ಎಂದೇ ಆಗಬೇಕು. ಲಿಂಗದಲ್ಲಂತೂ ಕನ್ನಡವೂ ಇಂಗ್ಲಿಷೂ ನೆರವಾಗುವುದಿಲ್ಲ. ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ನಪುಂಸಕ. ಹುಡುಗಿ ಎಂಬ ಪದವೂ ನಪುಂಸಕ, ಏಕೆಂದರೆ ‘-ಶೆನ್’ ಎಂದು ಮುಗಿಯುವ ಪುಟ್ಟತನದ ಪದಗಳೆಲ್ಲ ನಪುಂಸಕ. ನೋಡಿದ ಕೂಡಲೇ ಹೇಳಬಹುದಾದವು ಕೆಲವಿವೆ: ‘-ಉಂಗ್’, ‘-ಹೈಟ್’, ‘-ಕೈಟ್’, ‘-ಶಾಫ್ಟ್’ ಬಂದರೆ ಸ್ತ್ರೀಲಿಂಗ, ವಾರ ತಿಂಗಳುಗಳ ಹೆಸರು ಪುಲ್ಲಿಂಗ. ಉಳಿದದ್ದು ಬಾಯಿಪಾಠ. ‘ಟಿಶ್’ ಎಂದು ಬರೆದುಕೊಳ್ಳಲೇಬೇಡಿ, ‘ಡೆರ್ ಟಿಶ್’ ಎಂದೇ ಬರೆಯಿರಿ.

‘ಝೀ’, ‘ಡೂ’ ನಮ್ಮ ನೀವು, ನೀನು. ಅಂಗಡಿ, ಕಚೇರಿ, ಪಕ್ಕದ ಮನೆಯ ಹಿರಿಯರಿಗೆ ‘ಝೀ’. ‘ಡೂ’ ಎನ್ನೋಣ ಎಂದು ಹೇಳುವ ಹಕ್ಕು ಹಿರಿಯರದ್ದು, ಅವರು ಹೇಳುವ ತನಕ ಕಾಯಿರಿ. ಒಂದೇ ವ್ಯತ್ಯಾಸವೆಂದರೆ ಅಪ್ಪ, ಅಮ್ಮ, ಅಜ್ಜಿಗೂ ಅಲ್ಲಿ ‘ಡೂ’. ಅದರಲ್ಲಿ ಅಗೌರವವಿಲ್ಲ.

ಹೆಜ್ಜೆ 5: ಪದಗಳಿಗೆ ಮಾತ್ರ ಇಂಗ್ಲಿಷ್

ವ್ಯಾಕರಣದಲ್ಲಿ ಅಡ್ಡ ಬರುವ ಇಂಗ್ಲಿಷ್ ಪದಗಳಲ್ಲಿ ಒಳ್ಳೆಯ ನೆಂಟ. ಎರಡೂ ಒಂದೇ ಬುಡದ ಭಾಷೆಗಳು. ಇಂಗ್ಲಿಷ್‌ನ ಪ ಕಾರ ಜರ್ಮನ್‌ನಲ್ಲಿ ಫ ಆಗಿದೆ: ಶಿಪ್, ಶಿಫ್. ಟ ಕಾರ ತ್ಸ ಆಗಿದೆ: ಟೆನ್, ತ್ಸೇನ್. ಡ ಕಾರ ಟ ಆಗಿದೆ: ಡೋರ್, ಟ್ಯೂರ್. ಕ ಕಾರ ಖ ಆಗಿದೆ: ಬುಕ್, ಬೂಖ್. ಈ ನಾಲ್ಕು ಗೊತ್ತಿದ್ದರೆ ನೂರಾರು ಪದಗಳ ಮುಖ ಪರಿಚಯವಿದ್ದಂತೆ.

ನಂಬಿ ಕೆಡುವ ಪದಗಳೂ ಇವೆ. ‘ಗಿಫ್ಟ್’ ಅಂದರೆ ವಿಷ. ‘ಬೆಕೊಮ್ಮೆನ್’ ಅಂದರೆ ಸಿಗುವುದು, ಆಗುವುದಲ್ಲ. ‘ಇಶ್ ವಿಲ್’ ಅಂದರೆ ನನಗೆ ಬೇಕು, ಮುಂದೆ ಮಾಡುತ್ತೇನೆ ಎಂದಲ್ಲ. ‘ವೇರ್’ ಯಾರು, ‘ವೋ’ ಎಲ್ಲಿ. ಆಫೀಸಿನ ಮೇಲ್‌ನಲ್ಲಿ ‘ಎವೆಂಟುಯೆಲ್’ ಕಂಡರೆ ‘ಕೊನೆಗೊಮ್ಮೆ ಆಗುತ್ತದೆ’ ಎಂದು ಓದಬೇಡಿ. ಆದರೂ ಆಗಬಹುದು, ಆಗದೆಯೂ ಇರಬಹುದು ಎಂದು ಅದರ ಅರ್ಥ.

ಗೊಯ್ಥೆ ಸಂಸ್ಥೆಯ ಬಿ1 ಪದಪಟ್ಟಿಯಲ್ಲಿರುವುದು ಸುಮಾರು 2400 ಪದ. ದಿನಕ್ಕೆ ಹತ್ತು, ವಾರಕ್ಕೆ ಐದು ದಿನವೆಂದರೆ 48 ವಾರ. ಆಂಕಿಯಂಥ ಮರುಕಳಿಸುವ ಕಾರ್ಡ್ ಆ್ಯಪ್‌ನಲ್ಲಿ ಹಾಕಿಕೊಳ್ಳಿ, ಆದರೆ ಒಂಟಿ ಪದ ಹಾಕಬೇಡಿ, ವಾಕ್ಯ ಹಾಕಿ. ಬಾಸೆಲ್ ಮಿಷನ್ ಪರವಾಗಿ 1853ರಲ್ಲಿ ನಮ್ಮ ಕಡೆಗೆ ಬಂದ ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ ನಿಘಂಟಿನಲ್ಲಿ ಪದಗಳ ಪಕ್ಕ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಇಟ್ಟರು. ಪರದೇಶದಲ್ಲಿ ಕಿವಿಗೆ ಬಿದ್ದ ಪದವನ್ನು ಅದು ಕೂತಿದ್ದ ಮಾತಿನ ಸಮೇತ ಎತ್ತಿಟ್ಟುಕೊಳ್ಳುವ ಆ ಪದ್ಧತಿ ಇವತ್ತಿಗೂ ಸಲ್ಲುತ್ತದೆ.

ಹೆಜ್ಜೆ 6: ಮಾತಿನ ಜೊತೆಗಾರರು

‘ಟಾಂಡೆಮ್’ ಎಂದರೆ ಭಾಷೆಗೆ ಭಾಷೆ ಕೊಟ್ಟು ಕಲಿಯುವುದು. ನಿಮ್ಮ ಇಂಗ್ಲಿಷ್‌ಗೆ ಬೇಡಿಕೆ ಇರುವುದರಿಂದ ಜೊತೆಗಾರರು ಬೇಗ ಸಿಗುತ್ತಾರೆ, ಆದರೆ ಅದರಲ್ಲೇ ಅಪಾಯವೂ ಇದೆ. ಇಬ್ಬರಲ್ಲಿ ಯಾರ ಭಾಷೆ ಸಲೀಸೋ ಮಾತು ಆ ಕಡೆಗೇ ಹರಿಯುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಅದು ಇಂಗ್ಲಿಷ್ ಹರಟೆಯಾಗಿರುತ್ತದೆ. ಫೋನಿನಲ್ಲಿ 30 ನಿಮಿಷದ ಅಲಾರಂ ಇಡಿ. ಮೊದಲ ಅರ್ಧ ಗಂಟೆ ಜರ್ಮನ್, ಅಲಾರಂ ಹೊಡೆದ ಮೇಲಷ್ಟೇ ಇಂಗ್ಲಿಷ್. ಪ್ರತಿ ತಪ್ಪನ್ನೂ ತಿದ್ದಬೇಡಿ, ಅರ್ಧ ಗಂಟೆಗೆ ಮೂರು ತಿದ್ದಿದರೆ ಸಾಕು ಎಂದು ಮೊದಲೇ ಹೇಳಿ. ಮಾತಿಗೊಮ್ಮೆ ತಿದ್ದಿಸಿಕೊಂಡವರು ಬಾಯಿ ಕಟ್ಟಿ ಕೂರುತ್ತಾರೆ.

ಟಾಂಡೆಮ್‌ಗಿಂತಲೂ ಗಟ್ಟಿಯಾದದ್ದು ‘ಫೆರೈನ್’, ಅಂದರೆ ಊರಿನ ಸಂಘ. ಟೇಬಲ್ ಟೆನಿಸ್, ಹಾಡು, ತೋಟ, ಸ್ವಯಂಸೇವಕ ಅಗ್ನಿಶಾಮಕ ದಳ, ಎಲ್ಲಕ್ಕೂ ಸಂಘವಿದೆ. ಅಲ್ಲಿಗೆ ಜನ ಬರುವುದು ಚೆಂಡಿಗಾಗಿ, ಹಾಡಿಗಾಗಿ. ನಿಮ್ಮ ಒಬ್ಬರಿಗಾಗಿ ಹತ್ತು ಜನ ಇಂಗ್ಲಿಷ್‌ಗೆ ಹೊರಳುವುದಿಲ್ಲ. ವಾರಕ್ಕೊಂದು ಸಂಜೆ ಮೊದಲ ಎರಡು ತಿಂಗಳು ಸುಮ್ಮನೆ ಕೂತು ಕೇಳಿಸಿಕೊಳ್ಳಬೇಕಾಗುತ್ತದೆ. ಮೂರನೆಯ ತಿಂಗಳಿಗೆ ಯಾರೋ ನಿಮ್ಮನ್ನು ಏನೋ ಕೇಳುತ್ತಾರೆ, ನೀವು ಉತ್ತರ ಕೊಟ್ಟಿರುತ್ತೀರಿ.

ಹೆಜ್ಜೆ 7: ಪರೀಕ್ಷೆ

ಬ್ಲೂ ಕಾರ್ಡ್ ಇದ್ದವರಿಗೆ ಶಾಶ್ವತ ವಾಸದ ಪರವಾನಗಿ ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೆ. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷದ ವಾಸ, ಬಿ1, ಜೊತೆಗೆ 33 ಪ್ರಶ್ನೆಗಳಲ್ಲಿ 17 ಸರಿ ಮಾಡಬೇಕಾದ ಪೌರತ್ವ ಪರೀಕ್ಷೆ.

ಗೊಯ್ಥೆ ಬಿ1 ಪರೀಕ್ಷೆಯಲ್ಲಿ ಓದು 65 ನಿಮಿಷ, ಕೇಳು 40, ಬರವಣಿಗೆ 60, ಮಾತು ಸುಮಾರು 15. ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು, ಬಿದ್ದ ಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಇಂಗ್ಲಿಷ್ ಬಲ್ಲವರು ಓದಿನಲ್ಲಿ ಸಲೀಸಾಗಿ ದಾಟುತ್ತಾರೆ, ಪದಗಳ ನೆಂಟಸ್ತಿಕೆ ಅಲ್ಲಿ ಕೈಹಿಡಿಯುತ್ತದೆ. ಸಿಕ್ಕಿಬೀಳುವುದು ಕೇಳುವುದರಲ್ಲಿ. ಕೊನೆಯ ಎಂಟು ವಾರ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ನಿಧಾನಗತಿಯ ವಾರ್ತೆಯನ್ನು ದಿನಾ ಕೇಳಿ. ಮೊದಲ ಸಲ ಬರಹ ನೋಡದೆ, ಎರಡನೆಯ ಸಲ ಬರಹದೊಂದಿಗೆ, ಮೂರನೆಯ ಸಲ ಮತ್ತೆ ನೋಡದೆ. ಆರನೆಯ ವಾರದಿಂದ ರಾತ್ರಿ ಎಂಟರ ‘ಟಾಗೆಸ್‌ಶೌ’ ವಾರ್ತೆಗೆ ಬನ್ನಿ, ಕಾಲು ಗಂಟೆಯದು. ಅರ್ಧ ಹಿಡಿದರೂ ಬಿ1ಗೆ ಸಾಕಾದಷ್ಟಾಯಿತು.

ಬಿ1 ಆದ ಮೇಲೆ ಎಲ್ಲರೂ ಒಂದಷ್ಟು ತಿಂಗಳು ನಿಂತ ನೀರಾಗುತ್ತಾರೆ. ಕೆಲಸ ನಡೆಯುವಷ್ಟು ಭಾಷೆ ಬಂದಿರುವುದೇ ಅದಕ್ಕೆ ಕಾರಣ. ಆಗ ಆಫೀಸಿನಲ್ಲಿ ಒಂದು ಸಭೆಯನ್ನು, ಒಂದನ್ನೇ, ಜರ್ಮನ್‌ನಲ್ಲಿ ನಡೆಸಲು ಕೇಳಿಕೊಳ್ಳಿ. ಊರಿನ ಆಡುನುಡಿ ಅರ್ಥವಾಗಲಿಲ್ಲವೆಂದು ಕಂಗೆಡಬೇಡಿ. ಮೈಸೂರಿನವರಿಗೆ ಧಾರವಾಡದ ಮಾತು ಕೇಳಿಸಿದ ಹಾಗೆ ಅದು. ಬೇಕರಿಯ ‘ಬ್ರ್ಯೋಟ್‌ಶೆನ್’ ಬವೇರಿಯಾದಲ್ಲಿ ‘ಝೆಮೆಲ್’, ಬರ್ಲಿನ್‌ನಲ್ಲಿ ‘ಶ್ರಿಪೆ’. ನೀವು ಶಿಷ್ಟ ಜರ್ಮನ್ ಆಡಿ, ಅವರದ್ದನ್ನು ಕೇಳಿಸಿಕೊಳ್ಳಿ. ನಮಸ್ಕಾರ ಮಾತ್ರ ಅವರದ್ದನ್ನೇ ಹೇಳಿ: ಮ್ಯೂನಿಕ್ಕಿನಲ್ಲಿ ‘ಗ್ರ್ಯೂಸ್ ಗೊಟ್’, ಹ್ಯಾಂಬರ್ಗಿನಲ್ಲಿ ಬೆಳಿಗ್ಗೆಯಾದರೂ ಸಂಜೆಯಾದರೂ ‘ಮೊಯಿನ್’.